ಹಡಗಿನ ದಾಖಲಾ: ಕೊಡುವವರು ಯಾರು, ಕಾಯುವವರು ಯಾರು?



ಸೊಲ್ಲಾಪುರದಲ್ಲಿ ಕೂತು ಸಮುದ್ರದ ಮಾತು ಆಡುವುದು ಸ್ವಲ್ಪ ತಮಾಷೆಯ ಸಂಗತಿಯೇ. ನಮ್ಮದು ಜೋಳದ ನಾಡು. ಮಳೆ ಬಂದರೆ ಬಂತು, ಇಲ್ಲದಿದ್ದರೆ ಟ್ಯಾಂಕರ್. ಆದರೂ ಇವತ್ತು ಹಡಗು, ದೋಣಿ, ಅವುಗಳ ತಪಾಸಣೆ, ಅವುಗಳಿಗೆ ಕೊಡುವ ಸರ್ಟಿಫಿಕೇಟು, ಇಷ್ಟರ ಚರಿತ್ರೆಯನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದಕ್ಕೆ ಕಾರಣ ಅಕ್ಕಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಒಬ್ಬ ಹಿರಿಯರು.

2024ರ ಮೇ 21ರಂದು ಉಜನಿ ಜಲಾಶಯದಲ್ಲಿ ನಡೆದದ್ದು ನಿಮಗೆಲ್ಲ ನೆನಪಿರಬೇಕು. ಕರಮಾಳಾ ತಾಲ್ಲೂಕಿನ ಕುಗಾಂವದಿಂದ ಆಚೆ ದಂಡೆಯ, ಇಂದಾಪುರ ತಾಲ್ಲೂಕಿನ ಕಳಾಶಿಗೆ ಹೊರಟ ಒಂದು ದೋಣಿ. ಒಳಗೆ ಏಳು ಜನ. ಸಂಜೆ ಬಿರುಗಾಳಿ ಎದ್ದಿತು, ದೋಣಿ ಮಗುಚಿತು. ಒಬ್ಬ ಪೊಲೀಸ್ ಅಧಿಕಾರಿ ಈಜಿ ದಂಡೆ ಸೇರಿದರು. ಉಳಿದ ಆರು ಜನ ಹೋದರು. ಅದರಲ್ಲಿ ಗಂಡ, ಹೆಂಡತಿ, ಅವರ ಎರಡು ಸಣ್ಣ ಮಕ್ಕಳು, ಒಂದೇ ಮನೆಯವರು. ಎರಡು ದಿನ ಹುಡುಕಿದ ಮೇಲೆ ದೇಹಗಳು ಸಿಕ್ಕವು.

ಅದಾಗಿ ಕೆಲವು ದಿನಕ್ಕೆ ಆ ಹಿರಿಯರು ನನ್ನನ್ನು ನಿಲ್ಲಿಸಿ ಕೇಳಿದರು: "ಏನ್ರೀ ಬ್ಯಾಂಕಿನ ಸಾಹೇಬ್ರ, ರೇಡಿಯೋದಾಗ ಮಾತಾಡ್ತೀರಿ, ನನಗೊಂದು ತಿಳಿಸ್ರಿ. ಸಮುದ್ರದಾಗ ಕೋಸ್ಟ್ ಗಾರ್ಡ್ ಅಂತ ಅದಾರಂತಲ್ರೀ, ಬಿಳಿ ಹಡಗದವರು. ಈ ಡೋಣಿ ತಪಾಸಣಿ, ದಾಖಲಾ ಕೊಡೂದು, ಎಲ್ಲಾ ಅವರ ಕೈಯಾಗ ಕೊಟ್ಟಬಿಟ್ರ ಸುದ್ದ ಆಗೂದಿಲ್ಲೇನು?"

"ಕಾಕಾ, ಓದಿ ಹೇಳ್ತೀನಿ" ಅಂದೆ. ಮೆಟ್ರಿಕ್ ಓದಿದವನು ನಾನು, ಕಾನೂನು ಪಂಡಿತನಲ್ಲ. ಆದರೆ ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಸಹಿ ಅಂದರೇನು, ಸಿಕ್ಕಾ ಅಂದರೇನು ಎಂಬುದು ತಿಳಿದಿರುತ್ತದೆ. ಆ ಕಡೆಯಿಂದಲೇ ಈ ಚರಿತ್ರೆಯೊಳಗೆ ಹೋಗುತ್ತೇನೆ.

ಮೊದಲು ನಮ್ಮೂರಿನ ಮಾತು. ನಮ್ಮ ಅಪ್ಪ ಮಿಲ್ಲಿನ ಬಾಯ್ಲರ್ ಖಾತೆಯಲ್ಲಿ ಕೆಲಸಕ್ಕಿದ್ದರು. ಸೊಲ್ಲಾಪುರದ ಮೊದಲನೆಯ ಗಿರಣಿ, ನಾವು ಜುನಿ ಮಿಲ್ ಅನ್ನುತ್ತಿದ್ದದ್ದು, ಶುರುವಾದದ್ದು 1870ರ ದಶಕದಲ್ಲಿ. ಆಮೇಲೆ ಲಕ್ಷ್ಮೀ, ವಿಷ್ಣು, ನರಸಿಂಗ ಗಿರಜಿ ಅಂತ ಒಂದೊಂದೇ ಚಿಮಣಿ ಎದ್ದವು. ಇಡೀ ಊರು ಭೋಂಗಾ ಕೇಳಿ ಏಳುತ್ತಿತ್ತು, ಭೋಂಗಾ ಕೇಳಿ ಊಟ ಮಾಡುತ್ತಿತ್ತು. ಆ ಭೋಂಗಾಕ್ಕೂ ಮಗ್ಗಕ್ಕೂ ಜೀವ ಕೊಡುತ್ತಿದ್ದದ್ದು ಬಾಯ್ಲರಿನ ಉಗಿ. ವರ್ಷಕ್ಕೊಮ್ಮೆ ಬಾಯ್ಲರ್ ಆರಿಸಿ, ತಣ್ಣಗೆ ಮಾಡಿ, ಒಳಗೆ ಇಳಿದು ಕೆರೆದು ತೊಳೆದು ಇಡಬೇಕು. ಆಗ ಸರಕಾರದ ಇನ್‌ಸ್ಪೆಕ್ಟರ್ ಬರುತ್ತಿದ್ದರು. ಸಣ್ಣ ಸುತ್ತಿಗೆಯಿಂದ ತಗಡನ್ನು ಬಡಿದು ಸಪ್ಪಳ ಕೇಳುತ್ತಿದ್ದರಂತೆ. ನೀರು ತುಂಬಿ ಒತ್ತಡ ಹಾಕಿ ನೋಡುತ್ತಿದ್ದರಂತೆ. ಪಾಸಾದರೆ ಕಾಗದ ಸಿಗುತ್ತಿತ್ತು, ಇಲ್ಲದಿದ್ದರೆ ಮಿಲ್ಲು ಬಂದ್. ಮಾಲಕ ಎಷ್ಟೇ ದೊಡ್ಡವನಿರಲಿ, ಆ ಒಂದು ದಿನ ಇನ್‌ಸ್ಪೆಕ್ಟರನೇ ದೊಡ್ಡವನು ಎಂದು ಅಪ್ಪ ಹೇಳುತ್ತಿದ್ದರು.

ಈ ವ್ಯವಸ್ಥೆ ತಾನಾಗಿ ಬಂದದ್ದಲ್ಲ. 1863ರಲ್ಲಿ ಕಲಕತ್ತೆಯಲ್ಲಿ ಒಂದು ಬಾಯ್ಲರ್ ಒಡೆದು ಜನ ಸತ್ತರು. ಮರು ವರ್ಷ ಬಂಗಾಲದಲ್ಲಿ ಕಾನೂನು ಬಂತು. ಬೇರೆ ಬೇರೆ ಪ್ರಾಂತಗಳು ತಮ್ಮ ತಮ್ಮ ಕಾನೂನು ಮಾಡಿಕೊಂಡವು. ಕಡೆಗೆ 1923ರಲ್ಲಿ ಇಡೀ ದೇಶಕ್ಕೆ ಒಂದು ಬಾಯ್ಲರ್ ಕಾಯಿದೆ ಆಯಿತು.

ಈಗ ಇದೇ ಬಾಯ್ಲರನ್ನು ಹಡಗಿನೊಳಗೆ ಇಟ್ಟು ಊಹಿಸಿರಿ. ಅಮೆರಿಕೆಯಲ್ಲಿ ಮಿಸಿಸಿಪ್ಪಿ ಎಂಬ ಮಹಾನದಿ ಇದೆ. ನೂರೈವತ್ತು ವರ್ಷದ ಹಿಂದೆ ಅಲ್ಲಿ ನಮ್ಮ ಎಸ್‌ಟಿ ಬಸ್ಸಿನಂತೆ ಉಗಿಹಡಗುಗಳು ಓಡುತ್ತಿದ್ದವು, ಮೇಲಿಂದ ಮೇಲೆ ಬಾಯ್ಲರ್ ಒಡೆದು ಸಾಯುತ್ತಿದ್ದವರಿಗೆ ಲೆಕ್ಕವಿರಲಿಲ್ಲ. 1838ರಲ್ಲಿ ಅಲ್ಲಿನ ಸಂಸತ್ತು ತಪಾಸಣೆಯ ಕಾನೂನು ಮಾಡಿತು. ಆದರೆ ತಪಾಸಣೆಯ ಫೀ ಹಡಗಿನ ಮಾಲಕನ ಕಿಸೆಯಿಂದಲೇ ಇನ್‌ಸ್ಪೆಕ್ಟರನಿಗೆ ಹೋಗುತ್ತಿತ್ತು. ಯಾರ ಹತ್ತಿರ ರೊಕ್ಕ ತೆಗೆದುಕೊಳ್ಳಬೇಕೋ ಅವನಿಗೇ ಇಲ್ಲ ಅನ್ನಬೇಕು. ಅದು ಎಷ್ಟು ಕಾಲ ನಡೆದೀತು? 1852ರಲ್ಲಿ ಕಾನೂನನ್ನು ಬಿಗಿ ಮಾಡಿ ಹಣಕಾಸು ಖಾತೆಯ ಕೆಳಗೆ ಇನ್‌ಸ್ಪೆಕ್ಟರುಗಳ ಮಂಡಳಿಗಳನ್ನು ಇಟ್ಟರು. ಆದರೂ 1865ರ ಏಪ್ರಿಲ್ 27ರಂದು ಸುಲ್ತಾನಾ ಎಂಬ ಹಡಗು ಮೆಂಫಿಸ್ ಊರಿನ ಹತ್ತಿರ ಸಿಡಿಯಿತು. 376 ಜನರಿಗೆ ಪರವಾನಗಿ ಇದ್ದ ಹಡಗಿನಲ್ಲಿ 2,000ಕ್ಕೂ ಮೇಲೆ ಜನ, ಹೆಚ್ಚಿನವರು ಯುದ್ಧ ಮುಗಿಸಿ ಮನೆಗೆ ಹೊರಟ ಸಿಪಾಯಿಗಳು. ಸೋರುತ್ತಿದ್ದ ಬಾಯ್ಲರಿಗೆ ಹೊಸ ತಗಡು ಹಾಕುವ ಬದಲು ತೇಪೆ ಹಚ್ಚಿ ಬಿಟ್ಟಿದ್ದರು. ಸತ್ತವರು 1,100ಕ್ಕೂ ಹೆಚ್ಚು.

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿದ್ದು ಇನ್ನೊಂದು ಪ್ರಸಂಗ. 1904ರ ಜೂನ್ 15. ನ್ಯೂಯಾರ್ಕಿನಲ್ಲಿ ನೆಲೆಸಿದ ಜರ್ಮನ್ ಜನರು, ಹೆಚ್ಚಾಗಿ ಹೆಂಗಸರು ಮಕ್ಕಳು, ಚರ್ಚಿನ ವಾರ್ಷಿಕ ವಿಹಾರಕ್ಕೆಂದು ಜನರಲ್ ಸ್ಲೋಕಮ್ ಎಂಬ ಹಡಗು ಹತ್ತಿದರು. ಅವರೂ ನಮ್ಮಂತೆಯೇ ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಆಡುವ ಜನ. ನಡುಹೊಳೆಯಲ್ಲಿ ಬೆಂಕಿ ಹತ್ತಿತು. ನೀರು ಬಿಡಲು ಪೈಪು ಎಳೆದರೆ ಕೊಳೆತ ಪೈಪು ಹರಿದುಹೋಯಿತು. ಪಾರಾಗಲು ಇಟ್ಟ ದೋಣಿಗಳನ್ನು ಇಳಿಸಲು ಹೋದರೆ ಅವು ಇದ್ದ ಜಾಗದಲ್ಲೇ ಬಿಗಿದುಕೊಂಡು ಕೂತಿದ್ದವು. ತೇಲುವ ಜಾಕೀಟುಗಳೊಳಗಿನ ಬೆಂಡು ಹದಿಮೂರು ವರ್ಷದಲ್ಲಿ ಹಿಟ್ಟಾಗಿ ಹೋಗಿತ್ತು. ತಾಯಂದಿರು ಅದನ್ನೇ ಮಕ್ಕಳಿಗೆ ಕಟ್ಟಿ ನೀರಿಗೆ ಬಿಟ್ಟರು. ಮಕ್ಕಳು ಕಲ್ಲಿನಂತೆ ಮುಳುಗಿದರು. 1,000ಕ್ಕೂ ಮೇಲ್ಪಟ್ಟು ಜನ ಸತ್ತರು. ಆ ಹಡಗಿಗೆ ಕೆಲವೇ ವಾರದ ಹಿಂದೆ, ಅದೇ ವರ್ಷದ ಮೇ ತಿಂಗಳಲ್ಲಿ, ಎಲ್ಲ ಸರಿಯಾಗಿದೆ ಎಂದು ಇನ್‌ಸ್ಪೆಕ್ಟರ್ ಸಹಿ ಮಾಡಿದ್ದ. ಕಪ್ತಾನನಿಗೆ ಹತ್ತು ವರ್ಷ ಶಿಕ್ಷೆಯಾಯಿತು, ಮೂರೂವರೆ ವರ್ಷ ಒಳಗಿದ್ದು ಬಂದ. ಸಹಿ ಮಾಡಿದ ಇನ್‌ಸ್ಪೆಕ್ಟರನ ಮೇಲಿನ ಖಟ್ಲೆ ತೀರ್ಮಾನವಾಗದೆ ಬಿದ್ದುಹೋಯಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಎಂದು ಹೇಳಿಬಿಡುತ್ತೇನೆ. ನೌಕರಿಯ ಮೊದಲ ವರ್ಷಗಳಲ್ಲಿ ನಮ್ಮ ಶಾಖೆಯಿಂದ ಪವರ್‌ಲೂಮಿನವರಿಗೆ ನೂಲಿನ ಮೇಲೆ ಸಾಲ ಕೊಡುತ್ತಿದ್ದೆವು. ತಿಂಗಳಿಗೊಮ್ಮೆ ಗೋದಾಮಿಗೆ ಹೋಗಿ ಗಾಂಠ ಎಣಿಸಿ ರಜಿಸ್ಟರಿನಲ್ಲಿ ಬರೆಯಬೇಕು. ಒಂದು ಮಧ್ಯಾಹ್ನ ಮೇಲಿನವರ ಜೊತೆ ನಾನು ಹೋಗಿದ್ದೆ. ವೈಶಾಖದ ಬಿಸಿಲು. ಮಾಲಕರು ಕುರ್ಚಿ ಹಾಕಿಸಿ ತಂಪು ಕುಡಿಸಿದರು. ಮುಂದಿನ ಸಾಲಿನ ಗಾಂಠ ಎಣಿಸಿದೆವು, ಹಿಂದಿನವೂ ಅಷ್ಟೇ ಇರಬೇಕೆಂದು ಗುಣಾಕಾರ ಮಾಡಿ ಬರೆದೆವು, ನಾನೂ ಕೆಳಗೆ ಸಹಿ ಮಾಡಿದೆ. ಎರಡು ತಿಂಗಳ ಮೇಲೆ ನೋಡಿದರೆ ಮುಂದಿನ ಸಾಲಿನ ಹಿಂದೆ ಬರೀ ಗೋಡೆ. ರೊಕ್ಕ ಮುಳುಗಿತು, ಜೀವ ಹೋಗಲಿಲ್ಲ. ನನಗೆ ಒಂದು ಮೆಮೊ ಬಂದು ಅಲ್ಲಿಗೆ ಮುಗಿಯಿತು. ಆದರೆ ನ್ಯೂಯಾರ್ಕಿನ ಆ ಮನುಷ್ಯನೂ ನಾನೂ ಮಾಡಿದ್ದು ಒಂದೇ ಕೆಲಸ. ಅವನು ಎಣಿಸಿದ್ದು ಜಾಕೀಟು, ನಾನು ಎಣಿಸಿದ್ದು ಗಾಂಠ.

ಇರಲಿ, ಚರಿತ್ರೆಗೆ ಬರೋಣ. ಕೋಸ್ಟ್ ಗಾರ್ಡ್ ಎಂಬುದು ಅಮೆರಿಕೆಯಲ್ಲಿ ಹುಟ್ಟಿದ್ದು ಜೀವ ಉಳಿಸಲು ಅಲ್ಲ, ಸುಂಕ ಉಳಿಸಲು. 1790ರಲ್ಲಿ ಅಲ್ಲಿನ ಮೊದಲ ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಕಳ್ಳಸಾಗಣೆ ತಡೆಯಲು ಸಣ್ಣ ಹಡಗುಗಳ ಪಡೆ ಕಟ್ಟಿಸಿದ. 1915ರಲ್ಲಿ ಆ ಸುಂಕದ ಪಡೆಯನ್ನೂ ದಂಡೆಯ ಜೀವರಕ್ಷಕ ಪಡೆಯನ್ನೂ ಕೂಡಿಸಿ ಕೋಸ್ಟ್ ಗಾರ್ಡ್ ಎಂದು ಹೆಸರಿಟ್ಟರು. ತಪಾಸಣೆಯ ಕಚೇರಿ ಮಾತ್ರ ಬೇರೆಯೇ ಇತ್ತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಅವರ ಆಜ್ಞೆಯಿಂದ ತಪಾಸಣೆ ಮತ್ತು ಸರ್ಟಿಫಿಕೇಟಿನ ಕೆಲಸ ತಾತ್ಪೂರ್ತಿಕವಾಗಿ ಕೋಸ್ಟ್ ಗಾರ್ಡಿಗೆ ಬಂತು. 1946ರಲ್ಲಿ ಅದು ಕಾಯಂ ಆಯಿತು. ಅಂದಿನಿಂದ ಅಲ್ಲಿ ಹಡಗು ಕಟ್ಟುವಾಗ ನೋಡುವವರು, ಕಪ್ತಾನನಿಗೆ ಲೈಸೆನ್ಸ್ ಕೊಡುವವರು, ಮುಳುಗಿದರೆ ಎತ್ತುವವರು, ಯಾಕೆ ಮುಳುಗಿತು ಎಂದು ವಿಚಾರಿಸುವವರು, ಬಹುಮಟ್ಟಿಗೆ ಒಂದೇ ಪಡೆಯವರು. ವ್ಯಾಪಾರೀ ಹಡಗಿನವರಿಗೆ ಇದು ಮೊದಲು ಅಷ್ಟು ರುಚಿಸಲಿಲ್ಲ. ಸಮವಸ್ತ್ರದವರು ನಮ್ಮ ಧಂದೆಯೊಳಗೆ ಯಾಕೆ ಎಂದರು. ಅಕ್ಕಲಕೋಟೆಯ ಕಾಕಾ ಕೇಳಿದ ವ್ಯವಸ್ಥೆ ಅದೇ. ಅವರಿಗೆ ತಿಳಿಯದೆಯೇ ಅವರು ಅಮೆರಿಕೆಯ ಪದ್ಧತಿಯನ್ನು ಕೇಳಿದ್ದರು.

ನಮ್ಮ ದೇಶದಲ್ಲಿ ಹಾಗಾಗಲಿಲ್ಲ.

ಇಲ್ಲಿ ಹಡಗಿನ ಸರ್ಟಿಫಿಕೇಟಿನ ಕೆಲಸ ಇಂಗ್ಲಿಷರ ಪದ್ಧತಿಯಿಂದ ಬಂತು. ಅವರಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ ಸದಸ್ಯ ಹಳೇ ಹಡಗಿಗೆ ವಿಮೆ ಇಳಿಸಿ, ಮಿತಿಮೀರಿ ಸರಕು ತುಂಬಿ, ಮುಳುಗಿದರೂ ಲಾಭವೇ ಎನ್ನುವ ಮಾಲಕರ ವಿರುದ್ಧ ಹೋರಾಡಿದ. ಹಡಗಿನ ಹೊಟ್ಟೆಯ ಮೇಲೆ ಗೆರೆ ಎಳೆಯಬೇಕು, ಆ ಗೆರೆ ನೀರಿನಲ್ಲಿ ಮುಳುಗುವಷ್ಟು ತುಂಬಬಾರದು ಎಂಬುದು ಅವನ ಹಟ. 1876ರಲ್ಲಿ ಕಾನೂನು ಬಂತು. ತಮಾಷೆ ನೋಡಿರಿ, ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಮಾಲಕನಿಗೇ ಬಿಟ್ಟಿದ್ದರು! ಅದನ್ನು ಸರಿಮಾಡಲು 1890 ಬರಬೇಕಾಯಿತು. ನಂತರ 1912ರ ಟೈಟಾನಿಕ್. ಅದರ ಕಾಗದಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ, ನಿಯಮಕ್ಕಿಂತ ನಾಲ್ಕು ದೋಣಿ ಹೆಚ್ಚೇ ಇಟ್ಟಿದ್ದರು. ನಿಯಮವೇ ಹಳೆಯದಾಗಿತ್ತು, ಅಷ್ಟೆ. 1,500ರಷ್ಟು ಜನ ಸತ್ತ ಮೇಲೆ ಜಗತ್ತಿನ ಹಲವು ದೇಶಗಳು ಕೂಡಿ ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದ ಮಾಡಿಕೊಂಡವು. 1929ರ ಇಂಥ ಒಪ್ಪಂದದ ಹಿಂದೆಯೇ ನಮ್ಮಲ್ಲಿ ಮುಂಬಯಿ, ಕಲಕತ್ತೆ, ಮದ್ರಾಸುಗಳಲ್ಲಿ ಮರ್ಕಂಟೈಲ್ ಮರೀನ್ ಖಾತೆಯ ಕಚೇರಿಗಳು ನೆಲೆಗೊಂಡವು. ಹಡಗನ್ನು ಸರ್ವೆ ಮಾಡಿ ದಾಖಲಾ ಕೊಡುವವರು ಇವರು.

ಹೀಗಿದ್ದೂ ರಾಮದಾಸ್ ಮುಳುಗಿತು. ಈ ಹೆಸರು ನಮ್ಮ ಮರಾಠಿ ನೆರೆಯವರ ಮನೆಗಳಲ್ಲಿ ಇವತ್ತಿಗೂ ಕೇಳುತ್ತದೆ. 1947ರ ಜುಲೈ 17, ಸ್ವಾತಂತ್ರ್ಯಕ್ಕೆ ಇನ್ನು ಒಂದು ತಿಂಗಳೂ ಇಲ್ಲ. ಆಷಾಢದ ಅಮಾವಾಸ್ಯೆ, ಗಟಾರಿ ಎನ್ನುತ್ತಾರಲ್ಲ, ಆ ಹಬ್ಬಕ್ಕೆ ಊರಿಗೆ ಹೊರಟ ಕೊಂಕಣದ ಜನ ಮುಂಬಯಿಯ ಭಾವೂಚಾ ಧಕ್ಕಾದಲ್ಲಿ ರಾಮದಾಸ್ ಬೋಟು ಹತ್ತಿದರು. ರೇವಸಕ್ಕೆ ಒಂದೂವರೆ ತಾಸಿನ ದಾರಿ. ಬೆಳಿಗ್ಗೆ ಎಂಟರ ಸುಮಾರಿಗೆ ಹೊರಟಿತು. ಮಳೆ, ಗಾಳಿ. ದೊಡ್ಡ ತೆರೆ ಬಂದಾಗ ಜನ ಹೆದರಿ ಒಂದೇ ಮಗ್ಗುಲಿಗೆ ಓಡಿದರು, ಬೋಟು ಅದೇ ಮಗ್ಗುಲಿಗೆ ಮಗುಚಿತು. 600ಕ್ಕೂ ಹೆಚ್ಚು ಜನ ಹೋದರು. ಇದಕ್ಕಿಂತ ನೋವಿನ ಮಾತು ಎಂದರೆ, ಮುಂಬಯಿಯ ಬಾಗಿಲಲ್ಲೇ ಇಷ್ಟು ದೊಡ್ಡ ಬೋಟು ಮುಳುಗಿದ್ದು ಮುಂಬಯಿಗೆ ಗೊತ್ತಾಗಲು ಹಲವು ತಾಸು ಹಿಡಿಯಿತು. ಈಜಿ ಬಂದವರು ಹೇಳಿದ ಮೇಲೆಯೇ ಸುದ್ದಿ. ಆ ಹೊತ್ತು ಅಲ್ಲಿ ಜನರನ್ನು ಎತ್ತಿದವರು ಕೋಳಿ ಮೀನುಗಾರರು. ಸರಕಾರಿ ರಕ್ಷಣಾ ಪಡೆ ಎಂಬುದೊಂದು ಇರಲೇ ಇಲ್ಲ.

ಸ್ವಾತಂತ್ರ್ಯದ ನಂತರ 1949ರಲ್ಲಿ ಮುಂಬಯಿಯಲ್ಲಿ ಡೈರೆಕ್ಟರ್ ಜನರಲ್ ಆಫ್ ಶಿಪ್ಪಿಂಗ್ ಕಚೇರಿ ಆಯಿತು. 1958ರಲ್ಲಿ ಮರ್ಚಂಟ್ ಶಿಪ್ಪಿಂಗ್ ಕಾಯಿದೆ ಬಂತು. 2025ರಲ್ಲಿ ಅದರ ಜಾಗಕ್ಕೆ ಸಂಸತ್ತು ಹೊಸ ಕಾನೂನು ಅಂಗೀಕರಿಸಿದೆ. 1975ರಲ್ಲಿ ಇಂಡಿಯನ್ ರಜಿಸ್ಟರ್ ಆಫ್ ಶಿಪ್ಪಿಂಗ್ ಎಂಬ ಸಂಸ್ಥೆ ಹುಟ್ಟಿತು. ಹಡಗಿನ ಕಟ್ಟಡ, ಯಂತ್ರ ನೋಡಿ ದರ್ಜೆ ಕೊಡುವವರು ಇವರು. ಸರಕಾರ ತನ್ನ ತಪಾಸಣೆಯ ಕೆಲವು ಕೆಲಸವನ್ನು ಇಂಥ ಸಂಸ್ಥೆಗಳಿಗೆ ವಹಿಸಿಕೊಡುತ್ತದೆ. ವಹಿಸಿಕೊಟ್ಟರೂ ಜವಾಬ್ದಾರಿ ಸರಕಾರದ್ದೇ. ನಾವು ಬ್ಯಾಂಕಿನಲ್ಲಿ ಬಂಗಾರದ ಪರೀಕ್ಷೆಗೆ ಅಕ್ಕಸಾಲಿಗರನ್ನು ಕರೆಸುತ್ತಿದ್ದಂತೆ. ಕಲ್ಲಿಗೆ ತಿಕ್ಕುವವರು ಅವರು, ಸಾಲ ಮಂಜೂರು ಮಾಡುವವರು ನಾವು.

ಇನ್ನು ನಮ್ಮ ಕೋಸ್ಟ್ ಗಾರ್ಡ್, ಕನ್ನಡದಲ್ಲಿ ಕರಾವಳಿ ಕಾವಲು ಪಡೆ, ಮರಾಠಿಯಲ್ಲಿ ತಟರಕ್ಷಕ ದಳ. ಇದೂ ಹುಟ್ಟಿದ್ದು ಕಳ್ಳಸಾಗಣೆಯ ಕಾರಣದಿಂದಲೇ. ಎಪ್ಪತ್ತರ ದಶಕ ನೆನಪಿದ್ದವರಿಗೆ ಹೇಳಬೇಕಿಲ್ಲ. ಸ್ಮಗ್ಲಿಂಗಿನ ಗಡಿಯಾರ, ಟೆರಿಲಿನ್ ಬಟ್ಟೆ, ಬಂಗಾರದ ಬಿಸ್ಕೀಟು ಎಂಬ ಮಾತು ನಮ್ಮ ನವೀ ಪೇಠೆಯ ಅಂಗಡಿಗಳವರೆಗೂ ಬಂದಿತ್ತು. 1974ರಲ್ಲಿ ಕೆ. ಎಫ್. ರುಸ್ತುಮ್‌ಜಿ ಅವರ ಸಮಿತಿ ಕೂತು ಇದಕ್ಕೊಂದು ಬೇರೆ ಪಡೆಯೇ ಬೇಕೆಂದು ಹೇಳಿತು. 1977ರ ಫೆಬ್ರುವರಿ 1ರಂದು ತಾತ್ಪೂರ್ತಿಕ ರೂಪದಲ್ಲಿ ಶುರುವಾಯಿತು. ನೌಕಾಸೇನೆಯಿಂದ ಬಂದ ಎರಡು ಹಳೇ ಯುದ್ಧನೌಕೆ, ಐದು ಗಸ್ತು ದೋಣಿ, ಇಷ್ಟೇ ಬಂಡವಾಳ. 1978ರಲ್ಲಿ ಕೋಸ್ಟ್ ಗಾರ್ಡ್ ಕಾಯಿದೆ ಆಯಿತು, ಆ ಆಗಸ್ಟಿನಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದರು. ರಕ್ಷಣಾ ಖಾತೆಯ ಕೆಳಗೆ ಇಟ್ಟರು.

ಆ ಕಾಯಿದೆಯಲ್ಲಿ ಪಡೆಗೆ ಹೇಳಿದ ಕೆಲಸಗಳನ್ನು ಓದಿದರೆ ಸಂತೋಷವಾಗುತ್ತದೆ. ಸಂಕಟದಲ್ಲಿರುವ ಮೀನುಗಾರರಿಗೆ ನೆರವು, ಸಮುದ್ರ ಹೊಲಸಾಗದಂತೆ ನೋಡುವುದು, ಸುಂಕದವರಿಗೆ ಸಹಾಯ, ಜೀವ ಮತ್ತು ಆಸ್ತಿಯ ಸುರಕ್ಷತೆ, ಸಮುದ್ರದಲ್ಲಿ ನಡೆಯುವ ಕಾನೂನುಗಳ ಜಾರಿ. ಒಂದೊಂದಾಗಿ ಅಧಿಕಾರ ಕೂಡುತ್ತ ಹೋಯಿತು. ಪರದೇಶದ ಮೀನು ಹಡಗುಗಳನ್ನು ಹಿಡಿಯುವ ಅಧಿಕಾರ 1981ರ ಕಾಯಿದೆಯಿಂದ. ಎಣ್ಣೆ ಸೋರಿದರೆ ನಿಭಾಯಿಸುವ ಹೊಣೆ 1986ರಲ್ಲಿ. ಮುಂಬಯಿಯ ಮೇಲೆ 2008ರ ನವೆಂಬರಿನಲ್ಲಿ ದಾಳಿ ಮಾಡಿದವರು ಕುಬೇರ ಎಂಬ ಮೀನುದೋಣಿಯನ್ನು ವಶಮಾಡಿಕೊಂಡು ಅದರಲ್ಲೇ ಬಂದಿದ್ದರು. ಅದಾದ ಮೇಲೆ, 2009ರಲ್ಲಿ, ದಂಡೆಯ ನೀರಿನ ಭದ್ರತೆಯೂ ಈ ಪಡೆಯ ಹೆಗಲಿಗೆ ಬಂತು. ಆದರೆ ದಾಖಲಾ ಬರೆಯುವ ಪೆನ್ನು ಮಾತ್ರ ಇವರ ಕೈಗೆ ಕೊಡಲಿಲ್ಲ. ಹಡಗನ್ನು ನಿಲ್ಲಿಸಿ ಕಾಗದ ನೋಡಬಹುದು. ಕಾಗದ ಕೊಡುವುದು ಶಿಪ್ಪಿಂಗ್ ಕಚೇರಿಯವರು, ಸಣ್ಣ ಲಾಂಚುಗಳಿಗೆ ರಾಜ್ಯದವರು. ಮಹಾರಾಷ್ಟ್ರದಲ್ಲಿ 1996ರಲ್ಲಿ ಆದ ಮೇರಿಟೈಮ್ ಬೋರ್ಡು.

ಇದು ಸರಿಯೋ ತಪ್ಪೋ? ನನ್ನ ಅಭಿಪ್ರಾಯ ಒಂದೇ ಮಾತಿನದಲ್ಲ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ ಇರುತ್ತವೆ, ಒಂದು ಕ್ಯಾಶಿಯರ್ ಹತ್ತಿರ, ಒಂದು ಮ್ಯಾನೇಜರ್ ಹತ್ತಿರ. ಎರಡೂ ಒಬ್ಬನ ಸೊಂಟದಲ್ಲಿ ಇರಬಾರದು ಎಂದು ಕಲಿತವನು ನಾನು. ಆ ಲೆಕ್ಕಕ್ಕೆ ಕೊಡುವವರು ಬೇರೆ, ನೋಡುವವರು ಬೇರೆ ಇರುವುದೇ ಒಳ್ಳೆಯದು. ತಾನೇ ಪಾಸು ಮಾಡಿದ ಹಡಗು ಮುಳುಗಿದರೆ ತಾನೇ ತನ್ನ ತಪ್ಪನ್ನು ಹುಡುಕುವುದು ಮನುಷ್ಯಮಾತ್ರದವರಿಗೆ ಕಷ್ಟ. ಆದರೆ ಇನ್ನೊಂದು ಮಗ್ಗುಲೂ ಇದೆ. ಜಾಕೀಟು ಹರಿದದ್ದನ್ನು ಕಣ್ಣಾರೆ ಕಾಣುವವನು ನೀರಿನಿಂದ ಹೆಣ ಎತ್ತುವವನು. ಅವನು ಕಂಡದ್ದು ಬಂದರಿನ ಕಚೇರಿಯಲ್ಲಿ ಕೂತು ಸಹಿ ಮಾಡುವವನ ಟೇಬಲ್ಲಿಗೆ ಮುಟ್ಟಬೇಕಲ್ಲ? ಇಂಗ್ಲೆಂಡಿನವರು ಎಷ್ಟೋ ಕಾಲ ಎರಡನ್ನೂ ಬೇರೆ ಇಟ್ಟು ಕೊನೆಗೆ 1998ರಲ್ಲಿ ಒಂದೇ ಸಂಸ್ಥೆಯ ಸೂರಿನ ಕೆಳಗೆ ತಂದರು.

ಇತ್ತೀಚಿನ ಮೂರು ಘಟನೆ ನೋಡಿರಿ. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದರಲ್ಲಿ ಹಾವೇರಿ ಕಡೆಯ ಒಂದು ಕುಟುಂಬದವರೇ ಹಲವರು, ನಮ್ಮಂತೆ ಒಣಭೂಮಿಯ ಜನ, ದೋಣಿಯಲ್ಲಿ ಎಷ್ಟು ಮಂದಿ ಹತ್ತಬೇಕು ಎಂದು ಕೇಳುವ ರೂಢಿ ಇಲ್ಲದವರು. 2024ರ ಡಿಸೆಂಬರ್ 18ರಂದು ಮುಂಬಯಿಯಲ್ಲಿ ಎಲಿಫೆಂಟಾಕ್ಕೆ ಹೊರಟ ನೀಲಕಮಲ ಲಾಂಚಿಗೆ ಇಂಜಿನ್ ಪರೀಕ್ಷೆ ಮಾಡುತ್ತಿದ್ದ ನೌಕಾಸೇನೆಯ ವೇಗದ ದೋಣಿ ಬಡಿಯಿತು, 15 ಜನ ಸತ್ತರು. ತಪ್ಪು ಬಡಿದವರದು, ಆದರೂ 84 ಪ್ರಯಾಣಿಕರ ಪರವಾನಗಿಯ ಲಾಂಚಿನಲ್ಲಿ 100ಕ್ಕೂ ಹೆಚ್ಚು ಜನ ಇದ್ದರು. ಮೂರನೆಯದು 2025ರ ಮೇ ತಿಂಗಳಲ್ಲಿ ಕೊಚ್ಚಿಯ ಎದುರು ಮುಳುಗಿದ ಎಲ್ಸಾ 3 ಎಂಬ ದೊಡ್ಡ ಹಡಗು. ಅದರ ಬಾವುಟ ಆಫ್ರಿಕಾದ ಲೈಬೀರಿಯಾದ್ದು, 640 ಕಂಟೇನರು ಸರಕು. ಎಲ್ಲ 24 ಜನ ಉಳಿದರು, ಉಳಿಸಿದವರು ನಮ್ಮ ಕೋಸ್ಟ್ ಗಾರ್ಡ್ ಮತ್ತು ನೌಕಾಸೇನೆ. ದಾಖಲಾ ಎಲ್ಲಿಯದೋ, ಹೊಲಸಾದದ್ದು ಕೇರಳದ ಮೀನುಗಾರರ ನೀರು.

ಈಗ ಮತ್ತೆ ನಮ್ಮ ಭೀಮೆಗೆ. ಕೋಸ್ಟ್ ಗಾರ್ಡಿನ ಅಧಿಕಾರ ಸಮುದ್ರದ್ದು, ಉಜನಿಗೆ ಅದು ಬರುವುದಿಲ್ಲ. 1980ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹೊಳೆ ಹೋಗಿ ಸಮುದ್ರದಂಥ ನೀರು ನಿಂತಿತು, ಎದುರು ಬದುರು ಇದ್ದ ಊರುಗಳ ನಡುವೆ ರಸ್ತೆಯ ಸುತ್ತು ಬಹಳ ದೂರವಾಯಿತು. ಅದಕ್ಕೇ ದೋಣಿ. ಒಳನಾಡಿನ ದೋಣಿಗಳಿಗೆ 1917ರ ಇಂಗ್ಲಿಷರ ಕಾಲದ ಕಾಯಿದೆ ನೂರು ವರ್ಷ ಇತ್ತು. 2021ರಲ್ಲಿ ಅದನ್ನು ತೆಗೆದು ಹೊಸ ಒಳನಾಡು ನೌಕಾ ಕಾಯಿದೆ ಮಾಡಿದರು. ಯಂತ್ರದ ದೋಣಿಗೆ ನೋಂದಣಿ, ಸರ್ವೆ, ಸರ್ಟಿಫಿಕೇಟು ಎಲ್ಲ ರಾಜ್ಯ ಸರಕಾರದ ಹೊಣೆ. ಹುಟ್ಟು ಹಾಕುವ, ಯಂತ್ರವಿಲ್ಲದ ದೋಣಿಯ ಲೆಕ್ಕವನ್ನು ಸ್ಥಳೀಯ ಸಂಸ್ಥೆಗಳಿಗೆ, ಗ್ರಾಮ ಪಂಚಾಯತಿಯವರೆಗೂ, ವಹಿಸಿಕೊಡಬಹುದೆಂದು ಅದರಲ್ಲಿದೆ. ಅಂದರೆ ಕಾಕಾ ಕೋಸ್ಟ್ ಗಾರ್ಡಿಗೆ ಕೊಡಿರಿ ಅಂದ ಕೆಲಸದ ಒಂದು ತುಂಡು ಅವರ ಊರ ಪಂಚಾಯತಿ ಕಟ್ಟೆಗೇ ಬರಬಹುದು.

ನಮ್ಮ ಕನ್ನಡದಲ್ಲಿ ಅಂಬಿಗರ ಚೌಡಯ್ಯನೆಂಬ ಶರಣನಿದ್ದ, ಹನ್ನೆರಡನೆಯ ಶತಮಾನದವನು, ನಮ್ಮ ಸೊನ್ನಲಿಗೆಯ ಸಿದ್ಧರಾಮನ ಕಾಲದವನೇ. ತುಂಗಭದ್ರೆಯಲ್ಲಿ ದೋಣಿ ನಡೆಸುತ್ತಿದ್ದ. ಅವನಿಗೆ ಯಾವ ಕಚೇರಿಯ ದಾಖಲಾ ಇತ್ತು ಎಂದು ನೀವು ಕೇಳಬಹುದು. ಇರಲಿಲ್ಲ. ಅಂಬಿಗನೂ ಹತ್ತುವವನೂ ಒಂದೇ ಊರಿನವರಾಗಿದ್ದ ಕಾಲ ಅದು. ಪಂಢರಪುರದ ವಾರಿಯಲ್ಲಿ ಇವತ್ತು ಯಾರು ಯಾರ ದೋಣಿ ಹತ್ತುತ್ತಾರೋ ಗೊತ್ತಿಲ್ಲ.

ಕಾಕಾನಿಗೆ ಇಷ್ಟೆಲ್ಲ ಹೇಳಿದೆ. ತಲೆಯಾಡಿಸಿ ಕೇಳಿದರು. ಆಮೇಲೆ, "ಅಂದ್ರ ಪಂಚಾಯತಿ ಕ್ಲಾರ್ಕ ಬಂದು ಡೋಣಿ ನೋಡ್ತಾನ?" ಅಂದರು. "ಹೊತ್ತು ಬಂದ್ರ ನೋಡಬೇಕಾಗ್ತದ್ರಿ" ಅಂದೆ. "ಅವಗ ಈಜ ಬರತದೇನ್ರೀ?" ಅಂದರು.

ಹೋದ ತಿಂಗಳು ಮೊಮ್ಮಗನನ್ನು ಕರೆದುಕೊಂಡು ಹತ್ತರಸಂಗ ಕುಡಲಕ್ಕೆ ಹೋಗಿದ್ದೆ. ಭೀಮಾ ಸೀನಾ ಕೂಡುವ ಜಾಗ, ಹಳೇ ಶಾಸನಗಳ ಊರು, ನೋಡದವರು ಒಮ್ಮೆ ನೋಡಿರಿ. ದಂಡೆಯಲ್ಲಿ ಒಂದು ದೋಣಿ ಕಟ್ಟಿತ್ತು. ಸುತ್ತ ಹೋಗಿ ನೋಡಿದೆ. ಬಣ್ಣ ಹೊಸದು, ಹೆಸರು ಚೆಂದ ಬರೆದಿದ್ದರು. ನಂಬರ್ ಕಾಣಲಿಲ್ಲ. ಒಳಗೆ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬು ಎರಡು ಇದ್ದವು. ದೋಣಿಯವನು, "ಬರ್ರೀ ಅಜ್ಜಾರ, ಒಂದು ಸುತ್ತ ಹಾಕಿಸ್ತೀನಿ" ಅಂದ. ಎಷ್ಟು ಮಂದಿ ಕೂಡಬಹುದು ಎಂದು ಕೇಳಿದೆ. "ಎಷ್ಟ ಮಂದಿ ಬರ್ತಾರ ಅಷ್ಟ" ಅಂದ. ಟ್ಯೂಬನ್ನು ಕೈಯಿಂದ ಒತ್ತಿ ನೋಡಿದೆ, ಒಂದು ಗಟ್ಟಿ ಇತ್ತು, ಇನ್ನೊಂದು ಮೆತ್ತಗಾಗಿತ್ತು. ನಾವು ಹತ್ತಲಿಲ್ಲ. ಹುಡುಗ ಮನೆ ಮುಟ್ಟುವವರೆಗೂ ಸಿಟ್ಟಿನಲ್ಲೇ ಇದ್ದ.